ಉಬ್ಬಿಸದೆ ಮಾಡಿಸಿದ ಪರಿಚಯ

ನಮ್ಮ ಮನೆಯ ಅನ್ನದ ಪಾತ್ರೆ ನೂರು ಜನಕ್ಕಿಂತ ಕಡಿಮೆ ಜನಕ್ಕೆ ಅನ್ನ ಬೇಯಿಸುವುದಿಲ್ಲ. ಒಂದು ಪಾವು ಅಕ್ಕಿ ಹಾಕಿ ನಾಳೆ ಸಂಜೆಯವರೆಗೆ ಉರಿ ಹಾಕಿದರೂ ಅಕ್ಕಿ ಅಕ್ಕಿಯಾಗಿಯೇ ಕೂತಿರುತ್ತದೆ, ನೀರು ಕೂಡ ಬೆಚ್ಚಗಾಗುವುದಿಲ್ಲ. ಪಾತ್ರೆಯ ತಪ್ಪೇನಿಲ್ಲ. ಅದು ಹೊಸದಾಗಿ ಬಂದ ದಿನ ಒಲೆಗೆ ಅದನ್ನು ಪರಿಚಯ ಮಾಡಿಸಿದವಳು ನಾನು. "ನೋಡಪ್ಪಾ ಒಲೆರಾಯ, ಇದು ಅಂತಿಂಥ ಪಾತ್ರೆ ಅಲ್ಲ. ನೂರಾಳಿನ ಮದುವೆಗಿಂತ ಕಮ್ಮಿ ಅನ್ನ ಮಾಡಿ ಗೊತ್ತೇ ಇಲ್ಲ ಇದಕ್ಕೆ" ಅಂದುಬಿಟ್ಟೆ. ಒಲೆ ನಂಬಿತು. ಪಾತ್ರೆಯೂ ನಂಬಿತು. ಈಗ ಅದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಸೊಪ್ಪು ಸೋಸುತ್ತೇನೆ.

ನಮ್ಮೂರಿನಲ್ಲಿ ಹಾಗೆಯೇ. ಹೊಸ ವಸ್ತು ಮನೆಗೆ ಬಂದರೆ ಅದು ಯಾವುದರ ಜೊತೆ ಬಾಳಬೇಕೋ ಅದಕ್ಕೆ ಪರಿಚಯ ಮಾಡಿಸಬೇಕು. ಇಲ್ಲದಿದ್ದರೆ ಬೀಗದಲ್ಲಿ ಕೀಲಿ ತಿರುಗುವುದಿಲ್ಲ, ಒರಳಿನಲ್ಲಿ ಗುಂಡು ಉರುಳುವುದಿಲ್ಲ, ಮದುವೆಯಾಗಿ ಬಂದ ಹುಡುಗಿ ಕೈಯಿಟ್ಟರೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ಪರಿಚಯ ಮಾಡಿಸುವವರು ಎರಡೂ ಕಡೆಯನ್ನು ಬಲ್ಲವರಾಗಿರಬೇಕು, ಅಷ್ಟೇ. ಆಮೇಲೆ ಅವರ ಬಾಯಿಂದ ಏನು ಬಂದರೂ ವಸ್ತುಗಳು ಅದನ್ನು ಹಾಗೆಯೇ ನಂಬುತ್ತವೆ. ಅದಕ್ಕೇ ನಮ್ಮೂರಿನ ಜನ ಪರಿಚಯದ ಹೊತ್ತಿನಲ್ಲಿ ಔಷಧಿ ಅಳೆದಂತೆ ಮಾತು ಅಳೆಯುತ್ತಾರೆ. ಮೂಲೆಮನೆಯ ಶಿವಮಲ್ಲಪ್ಪನವರಂತೂ ಇದರಲ್ಲಿ ಎತ್ತಿದ ಕೈ. ತಮ್ಮ ಹೆಂಡತಿಯನ್ನು ಮನೆಗೆ ಕರೆತಂದ ದಿನ ಹೊಸ್ತಿಲಿಗೆ, "ಇದು ಹೆಂಡತಿ" ಎಂದು ಹೇಳಿ ಒಳಗೆ ಹೋದವರು. ಆ ಮಹಾತಾಯಿ ನಲವತ್ತು ವರ್ಷದಿಂದ ಆ ಮನೆಯಲ್ಲಿ ಹೆಂಡತಿಯಾಗಿದ್ದಾಳೆ, ಅದಕ್ಕಿಂತ ಒಂದು ಕಾಳೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ನನಗೆ ಅಷ್ಟು ಬಡವಾಗಿ ಮಾತಾಡಲು ಬರುವುದಿಲ್ಲ. ನಡುಮನೆಯ ಫ್ಯಾನನ್ನು ಸ್ವಿಚ್ಚಿಗೆ ಪರಿಚಯ ಮಾಡಿಸುವಾಗ "ಇದು ತಿರುಗಿದ್ರೆ ಎಮ್ಮೆ ಹಾರಿಹೋಗ್ಬೇಕು" ಅಂದಿದ್ದೆ. ಒಂದೇ ಸಲ ಹಾಕಿದ್ದು. ಎದುರುಮನೆಯವರ ಒಗೆದ ಬಟ್ಟೆ ಕೆರೆಯಾಚೆ ಸಿಕ್ಕಿತು. ಎಮ್ಮೆಯ ವಿಷಯ ಬೇಡ. ಆಮೇಲೆ ಬೀದಿಯವರೆಲ್ಲ ಸೇರಿ, ಸಣ್ಣತಾಯಮ್ಮ ಇನ್ನು ಮೇಲೆ ಯಾವುದಕ್ಕೂ ಪರಿಚಯ ಮಾಡಿಸಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. ನಮ್ಮ ಯಜಮಾನರು ಇರುವವರೆಗೆ ಆ ಕೆಲಸ ಅವರೇ ನೋಡಿಕೊಂಡರು. ಅವರು ಹೋದ ಮೇಲೆ ನನ್ನ ಮನೆಗೆ ಹೊಸ ಚಮಚ ಕೂಡ ಬಂದಿಲ್ಲ.

ಬಂದದ್ದು ವನಮಾಲಾ ಒಬ್ಬಳೇ. ಹೋದ ವರ್ಷ ಊರಿನ ಟೆಲಿಫೋನು ಕೇಂದ್ರದಲ್ಲಿ ಕೆಲಸ ಸಿಕ್ಕಿತೆಂದು ಒಂದು ಟ್ರಂಕು, ಒಂದು ಕಂಪ್ಯೂಟರು ಹಿಡಿದುಕೊಂಡು ನನ್ನ ಮುಂದಿನ ಕೋಣೆಗೆ ಬಾಡಿಗೆಗೆ ಬಂದಳು. ಎಂಟನೇ ವಯಸ್ಸಿನಲ್ಲಿ ಜ್ವರ ಬಂದು ಎರಡು ಕಣ್ಣೂ ಹೋದ ಹೆಂಗಸು. ಈಗ ಮೂವತ್ತು ದಾಟಿದೆ. ಬಾಡಿಗೆಯವರನ್ನು ಮನೆಗೆ ಪರಿಚಯ ಮಾಡಿಸಬೇಕಾದವಳು ಮನೆಯೊಡತಿ, ಒಡತಿಯ ಬಾಯಿಗೆ ಬೀದಿಯೇ ಬೀಗ ಹಾಕಿದೆ. ಹಾಗಾಗಿ ವರ್ಷವಾದರೂ ನನ್ನ ಮನೆಗೆ ಅವಳು ಯಾರೆಂದು ಗೊತ್ತಿರಲಿಲ್ಲ. ಹೊಸ್ತಿಲು ಅವಳ ಕಾಲಿಗೆ ಸಿಗುತ್ತಿತ್ತು. ಬಾಗಿಲು ಹಣೆಗೆ ಹೊಡೆಯುತ್ತಿತ್ತು. ಬೆಳಗಾಗುವುದೇ ತಡ, "ಅಜ್ಜೀ, ನಲ್ಲಿ" ಎಂದು ಕೂಗು. ನಾನು ಹೋಗಿ ನಲ್ಲಿ ತಿರುಗಿಸಬೇಕು, ಒಲೆ ಹಚ್ಚಬೇಕು, ಅವಳ ಕಂಪ್ಯೂಟರಿನ ಪ್ಲಗ್ಗು ಗೋಡೆಗೆ ಸಿಕ್ಕಿಸಬೇಕು. ಆ ಕಂಪ್ಯೂಟರು ಮಾತ್ರ ತನ್ನ ಪರಿವಾರದ ಸಮೇತ ಬಂದದ್ದರಿಂದ ಅದರೊಳಗಿನವರಿಗೆಲ್ಲ ಒಬ್ಬರಿಗೊಬ್ಬರು ಗೊತ್ತಿತ್ತು. ಅದರ ಸ್ಪೀಕರು ಪರದೆಯ ಮೇಲಿನದ್ದನ್ನೆಲ್ಲ ಅವಳಿಗೆ ಓದಿ ಹೇಳುತ್ತಿತ್ತು. ಬೆಳಗಿನಿಂದ ಸಂಜೆಯವರೆಗೆ ಗೋಡೆಯಾಚೆ ನೆಗಡಿ ಬಂದ ಗಂಡಸಿನ ಹಾಗೆ ಒಂದೇ ಸಮನೆ ವಟವಟ. ಸಾವಿರ ಸಲ ಗೋಡೆ ಗುದ್ದಿದ್ದೇನೆ.

ಟೆಲಿಫೋನು ಕೇಂದ್ರ ನಾಲ್ಕೇ ತಿಂಗಳಿಗೆ ಮುಚ್ಚಿತು. ಅಂದಿನಿಂದ ಕೆಲಸ ಹುಡುಕುತ್ತಿದ್ದಳು. ಅವಳ ಅಣ್ಣ ಪಾಲಾಕ್ಷ ಪಕ್ಕದ ಜಿಲ್ಲೆಯಿಂದ ಬಂದು, "ಈ ತಿಂಗಳ ಕೊನೆ ದಿನ ವ್ಯಾನ್ ತರ್ತೀನಿ. ಅಷ್ಟರಲ್ಲಿ ಕೆಲಸ ಆಗಿದ್ರೆ ಸರಿ, ಇಲ್ದಿದ್ರೆ ಮನೆಗೆ ಬಾ" ಎಂದು ಹೇಳಿ ಹೋಗಿದ್ದ. ಕೆಟ್ಟವನಲ್ಲ. ತಂಗಿಗೆ ಮೂರು ಹೊತ್ತು ಊಟ ಹಾಕುತ್ತಾನೆ, ಮೂಲೆಯಲ್ಲಿ ಒಂದು ಕುರ್ಚಿ ಕೊಡುತ್ತಾನೆ, ಅದರಿಂದ ಏಳಲು ಬಿಡುವುದಿಲ್ಲ. "ಅಲ್ಲಿ ನಾನು ಒಂದು ಲೋಟ ತೊಳೆದ್ರೂ ಮನೆಯೋರೆಲ್ಲ ಓಡಿಬಂದು ಕಿತ್ಕೋತಾರೆ ಅಜ್ಜಿ" ಎಂದು ಒಮ್ಮೆ ಹೇಳಿದ್ದಳು. ಅದೊಂದೇ ಸಲ ಅವಳ ಮುಖ ಮುದುಕಿಯ ಮುಖದಂತೆ ಕಂಡಿದ್ದು.

ಕೊನೆಗೂ ದೂರದ ಒಂದು ಸಂಸ್ಥೆ ಅವಳನ್ನು ಪರೀಕ್ಷೆಗೆ ಕರೆಯಿತು. ಧ್ವನಿ ಕೇಳಿಸಿಕೊಂಡು ಟೈಪು ಮಾಡುವ ಕೆಲಸ, ಮನೆಯಲ್ಲೇ ಕೂತು ಮಾಡಬಹುದು. ಪರೀಕ್ಷೆ ಕಂಪ್ಯೂಟರಿನಲ್ಲೇ ಆಗಬೇಕು, ಫೋನು ನಡೆಯದು. ದಿನ ಯಾವುದು ಎಂದರೆ ತಿಂಗಳ ಕೊನೆಯ ದಿನ, ಮಧ್ಯಾಹ್ನ ನಾಲ್ಕು ಗಂಟೆ. ಅದೇ ವಾರ ಕಂಪ್ಯೂಟರು ಹಾಸಿಗೆ ಹಿಡಿಯಿತು. ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ.

ರಿಪೇರಿಗೆ ಬಂದವನು ಪಕ್ಕದೂರಿನ ಬೋರಲಿಂಗ. ಅವರೂರಿನಲ್ಲಿ ವಸ್ತುಗಳಿಗೆ ನಾಚಿಕೆಯಿಲ್ಲ, ಯಾರು ಮುಟ್ಟಿದರೂ ಕೆಲಸ ಮಾಡುತ್ತವೆ. ಅವನು ಪೆಟ್ಟಿಗೆ ಬಿಚ್ಚಿ ನೋಡಿ, "ಒಳಗಿನ ಆಪರೇಟಿಂಗ್ ಸಿಸ್ಟಮ್ ಪೂರ್ತಿ ಕೆಟ್ಟೋಗಿದೆ ಮೇಡಮ್. ಒರೆಸಿ ಹೊಸದು ಹಾಕ್ಬೇಕು" ಅಂದ. ಅದು ಏನಪ್ಪಾ ಎಂದು ಕೇಳಿದೆ. "ಮನೆಗೆ ಯಜಮಾನಿ ಇದ್ದಂಗೆ ಅಜ್ಜಿ. ಅವಳು ಹೇಳಿದ್ರೇನೇ ಉಳಿದೋರು ಕೆಲಸ ಮಾಡೋದು" ಅಂದ. ಹಳೇ ಯಜಮಾನಿಯನ್ನು ಒರೆಸಿ ಹೊಸಬಳನ್ನು ಕೂರಿಸಿದ. ಅವನಿಗೊಂದು ಅಭ್ಯಾಸವಿದೆ, ಕೆಲಸ ಮಾಡುವಾಗ ಗೊಣಗುತ್ತಾನೆ. "ಇದು ಪರದೆ, ಆಯ್ತು. ಇದು ಕೀಬೋರ್ಡು, ಆಯ್ತು. ಇದು ನೆಟ್ಟು, ಆಯ್ತು" ಎಂದು ಒಂದೊಂದನ್ನೂ ಮುಟ್ಟಿ ಗೊಣಗಿದ. ಪಾಪ, ತಾನು ಪರಿಚಯ ಮಾಡಿಸುತ್ತಿದ್ದೇನೆ ಎಂದು ಅವನಿಗೇ ಗೊತ್ತಿಲ್ಲ. ಸ್ಪೀಕರಿನ ಹತ್ತಿರ ಬರುವಷ್ಟರಲ್ಲಿ ಫೋನು ಬಂತು. ಅವನ ತಂಗಿಯ ಮಗುವಿನ ನಾಮಕರಣಕ್ಕೆ ಬಸ್ಸು ಹೊರಟಿದೆಯೆಂದು. ಗಂಟು ಕಟ್ಟಿಕೊಂಡು ಓಡಿದ.

ಮರುದಿನ ಬೆಳಿಗ್ಗೆ, ಅಂದರೆ ಪರೀಕ್ಷೆಯ ದಿನ, ಪ್ಲಗ್ಗು ಸಿಕ್ಕಿಸಿಕೊಟ್ಟು ಹೊರಗೆ ಬಂದು ಕೂತೆ. ಗೋಡೆಯಾಚೆ ಏನೂ ಸದ್ದಿಲ್ಲ. ಗುದ್ದುವುದಕ್ಕೆ ಎತ್ತಿದ ಕೈ ಹಾಗೇ ನಿಂತಿತು. ಒಳಗೆ ಹೋಗಿ ನೋಡಿದರೆ ವನಮಾಲಾ ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕಲ್ಲಾಗಿ ಕೂತಿದ್ದಾಳೆ.

"ಹತ್ತಿದೆ ಅಂತ ಗೊತ್ತಾಗ್ತಿದೆ ಅಜ್ಜಿ, ಬಿಸಿ ಬರ್ತಿದೆ. ಆದ್ರೆ ಮಾತಾಡ್ತಿಲ್ಲ. ಇದು ಮಾತಾಡ್ದೆ ಇದ್ರೆ ನಂಗೆ ಇದು ಬರೀ ಡಬ್ಬ."

ಬೋರಲಿಂಗನಿಗೆ ಫೋನು ಮಾಡಿದಳು. ಆ ಕಡೆ ತಮಟೆ, ಮಕ್ಕಳ ಅಳು. ಅವನು ಕೂಗಿ ಕೂಗಿ ಹೇಳಿದ: "ಅಯ್ಯೋ ಮೇಡಮ್, ಸೌಂಡ್ ಡ್ರೈವರ್ ಹಾಕೋದು ಮರ್ತೆ. ಹೊಸ ಸಿಸ್ಟಮ್‌ಗೆ ಆ ಸ್ಪೀಕರ್ ಯಾವ್ದು, ಹೆಂಗೆ ಮಾತಾಡಿಸ್ಬೇಕು ಅಂತ ಹೇಳ್ಕೊಡೋದೇ ಡ್ರೈವರು. ಮೇಜಿನ ಮೇಲೆ ನನ್ನ ಪೆನ್‌ಡ್ರೈವ್ ಬಿಟ್ಟಿದೀನಿ. ಅದರಲ್ಲಿ ಒಂದೊಂದು ಮಾಡೆಲ್‌ಗೆ ಒಂದೊಂದು ಫೋಲ್ಡರ್ ಇದೆ. ಪೆಟ್ಟಿಗೆ ಹಿಂದೆ ಚೀಟಿ ಅಂಟಿಸಿರ್ತಾರೆ, ಅದರ ನಂಬರ್ ನೋಡ್ಕೊಂಡು ಅದೇ ಹಾಕಿ. ಯಾರಾದ್ರೂ ಕಣ್ಣಿರೋರು ಪಕ್ಕದಲ್ಲಿದ್ರೆ ಹತ್ತು ನಿಮಿಷದ ಕೆಲಸ." ಆಮೇಲೆ ತಮಟೆಯೇ ಫೋನನ್ನು ನುಂಗಿತು.

ಕಣ್ಣಿರುವವಳು ಪಕ್ಕದಲ್ಲಿ ನಾನು. ಎರಡನೇ ಕ್ಲಾಸಿನವರೆಗೆ ಓದಿದ್ದೇನೆ. ಕನ್ನಡ ಅಕ್ಷರ ಕೂಡಿಸಿ ಓದಲು ಒಂದು ಸಾಲಿಗೆ ಒಂದು ಲೋಟ ಕಾಫಿ ಬೇಕು. ಬಸ್ಸಿನ ನಂಬರು ಗೊತ್ತು. ಇಂಗ್ಲಿಷು ನನಗೂ ಎಮ್ಮೆಗೂ ಸಮ.

"ಅಕ್ಷರ ಗೊತ್ತಿಲ್ದಿದ್ರೆ ಬೇಡ, ಆಕಾರ ಹೇಳಿ. ಕಣ್ಣಿದ್ದಾಗ ಸ್ಕೂಲಲ್ಲಿ ಕಲ್ತಿದ್ದು ನೆನಪಿದೆ ನಂಗೆ" ಅಂದಳು ವನಮಾಲಾ. ಅವಳ ಬೆರಳು ಕೀಬೋರ್ಡಿನ ಮೇಲೆ ಟಪಟಪ ಓಡಿತು. ಪರದೆಯ ಮೇಲೆ ಒಂದು ಉದ್ದ ಪಟ್ಟಿ ಬಂತು. "ಅದರಲ್ಲಿ ಎಲ್ಲಾದ್ರೂ ಹಳದಿ ಗುರುತು ಇದೆಯಾ ನೋಡಿ. ಯಾರಿಗೆ ಪರಿಚಯ ಆಗಿಲ್ವೋ ಅವರ ತಲೆ ಮೇಲೆ ಹಳದಿ ಇರತ್ತೆ."

"ಅಯ್ಯಯ್ಯೋ, ಪರದೆ ತುಂಬಾ ಹಳದಿ ಕಣೇ. ಹುಚ್ಚೆಳ್ಳು ಹೊಲ ಇದ್ದಂಗಿದೆ. ಲಕ್ಷ ಇರ್ಬೋದು."

ಅವಳ ಮುಖ ಬಿಳಿಚಿತು. "ಲಕ್ಷ? ಎಣಿಸಿ ಅಜ್ಜಿ."

ಎಣಿಸಿದೆ. "ಒಂದು" ಅಂದೆ.

ಅವಳು ಉಸಿರು ಬಿಟ್ಟಳು. ಹಳದಿಯ ಪಕ್ಕ ಏನು ಬರೆದಿದೆ ಎಂದು ಕೇಳಿದಳು. ನಾನು ಕನ್ನಡಕವನ್ನು ಸೆರಗಿನಿಂದ ಉಜ್ಜಿ ಹೇಳುತ್ತಾ ಹೋದೆ: ಮಡಚಿ ನಿಲ್ಲಿಸಿದ ಏಣಿ, ಅದರ ಪಕ್ಕ ಲೋಟ, ಆಮೇಲೆ ಬೆನ್ನಿಗೆ ಗಂಟು ಹೊತ್ತ ಕೋಲು, ತಲೆಯ ಮೇಲೆ ಚುಕ್ಕೆಯಿಟ್ಟುಕೊಂಡ ಕಡ್ಡಿ, ಕೊನೆಗೆ ಬಳೆ. ಅವಳು ಗಾಳಿಯಲ್ಲಿ ಬೆರಳಾಡಿಸಿ ಬರೆದು ನೋಡಿ, "ಆಡಿಯೋ. ಇದೇ ಸ್ಪೀಕರು. ಈಗ ಹಿಂದಿನ ಚೀಟಿ ನೋಡಿ" ಅಂದಳು.

ಪೆಟ್ಟಿಗೆಯ ಹಿಂದೆ ಧೂಳಿನ ನಡುವೆ ಚೀಟಿ ಸಿಕ್ಕಿತು. ಆರು, ಒಂದು, ಸೊನ್ನೆ. ಆರುನೂರ ಹತ್ತು. ಇಷ್ಟು ದೊಡ್ಡ ಪೆಟ್ಟಿಗೆ, ಒಬ್ಬ ಹೆಂಗಸಿನ ಬಾಳನ್ನೇ ಹೊತ್ತುಕೊಂಡಿದೆ, ಅದಕ್ಕೆ ಬರೀ ಆರುನೂರ ಹತ್ತು ಎಂದರೆ ಮರ್ಯಾದೆ ಕಡಿಮೆಯಾಯಿತು ಅನಿಸಿತು. "ಆರು ಸಾವಿರದ ನೂರು" ಅಂದೆ. ಬಾಯಿ ತಾನಾಗಿಯೇ ಒಂದು ಸೊನ್ನೆ ಸೇರಿಸಿತು, ನಾನು ತಡೆಯುವಷ್ಟರಲ್ಲಿ ಆಗಿಹೋಗಿತ್ತು.

ಪೆನ್‌ಡ್ರೈವಿನಲ್ಲಿ ಆ ನಂಬರಿನ ಫೋಲ್ಡರೂ ಇತ್ತು. ಅದೇ ನನ್ನ ಗ್ರಹಚಾರ. ನಾನು ಹೇಳಿದಲ್ಲಿ ಅವಳು ಒತ್ತಿದಳು. ಒಂದು ಹಸಿರು ಗೆರೆ ನಿಧಾನವಾಗಿ ಬೆಳೆಯಿತು, ತುದಿ ಮುಟ್ಟಿತು, ಪರದೆ ಪೂರ್ತಿ ನೀಲಿಯಾಯಿತು. ಸಣ್ಣದಾಗಿ ನೀಲಿಯಲ್ಲ, ಕೋಣೆಯೊಳಗೆ ಆಕಾಶ ಬಂದು ಕೂತ ಹಾಗೆ. ಮೇಲೆ ಬಿಳಿ ಅಕ್ಷರ ಇರುವೆ ಸಾಲಿನಂತೆ ಹರಿಯಿತು. ನಾನು ಸುಮ್ಮನಿದ್ದದ್ದರಿಂದಲೇ ಅವಳಿಗೆ ಗೊತ್ತಾಯಿತು.

"ಅಜ್ಜಿ, ಎಷ್ಟು ಸೊನ್ನೆ ಇತ್ತು?"

"ಒಂದು."

"ನೀವು ಹೇಳಿದ್ದು ಎರಡು."

"ಪೆಟ್ಟಿಗೆ ದೊಡ್ಡದಿತ್ತಲ್ಲ ಅಂತ."

ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ತಿರುಗಿ ಎರಡರಷ್ಟು ಬೈದು ಹಗುರಾಗಬಹುದಿತ್ತು. ಅವಳು ಮೇಜಿನ ಮೇಲೆ ಕೈ ಚಾಚಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಇವತ್ತು ನಂಗಿರೋದು ನಿಮ್ಮ ಕಣ್ಣೊಂದೇ. ಅದು ಇಲ್ದಿದ್ದನ್ನ ತೋರಿಸಿದ್ರೆ ನಾನು ಬೀಳ್ತೀನಿ. ಬಾಗಿಲು ಹಣೆಗೆ ಹೊಡೆದ್ರೆ ತಡ್ಕೋತೀನಿ, ಇದನ್ನ ತಡ್ಕೊಳ್ಳೋಕೆ ಆಗಲ್ಲ."

ಅವಳ ಕೈ ಬಿಡಿಸಿಕೊಂಡು ಎದ್ದು, ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದೆ. ಒಂದು ಅಡಿಕೆ ಹೋಳನ್ನು ದವಡೆಯಲ್ಲಿಟ್ಟುಕೊಂಡೆ. ಮಾತು ಬಾಯಿಗೆ ಬಂದಾಗಲೆಲ್ಲ ಮೊದಲು ಅಡಿಕೆ ಕಚ್ಚಬೇಕು, ಆಮೇಲೆ ಇರುವುದನ್ನು ಮಾತ್ರ ಹೇಳಬೇಕು ಎಂದು ನಿಶ್ಚಯ ಮಾಡಿ ವಾಪಸು ಬಂದು ಕೂತೆ. "ನಡಿಯೇ, ಮೊದಲಿಂದ ಶುರು ಮಾಡು" ಅಂದೆ.

ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಿದಳು. ಪುಣ್ಯಕ್ಕೆ ಎದ್ದಿತು. ತಪ್ಪಾಗಿ ಹಾಕಿದ್ದನ್ನು ಮೊದಲು ಕಿತ್ತುಹಾಕಬೇಕಿತ್ತು. ನಾನು ಅಡಿಕೆ ಕಚ್ಚಿಕೊಂಡು ಹೇಳಿದೆ, ಅವಳು ಒತ್ತಿದಳು. ಬಾಣ ಮೇಲಿದೆ, ಇನ್ನೊಂದು ಸಾಲು ಕೆಳಗೆ, ಇನ್ನೊಂದು, ಸಾಕು. ಚೌಕದೊಳಗೆ ಎರಡು ಗುಂಡಿ, ಎಡಗಡೆಯದ್ದು ಬಣ್ಣ ತುಂಬಿದೆ. ಅಷ್ಟೇ. ನನ್ನ ಬಾಯಿಂದ ಇಂಥ ಒಣ ಮಾತು ಬಂದದ್ದನ್ನು ಕೇಳಿದ್ದರೆ ನಮ್ಮ ಯಜಮಾನರು ವೈದ್ಯರನ್ನು ಕರೆಸುತ್ತಿದ್ದರು. ಆರುನೂರ ಹತ್ತರ ಫೋಲ್ಡರು ತೆರೆದು ಒತ್ತಿದಳು. ಹಸಿರು ಗೆರೆ ತುದಿ ಮುಟ್ಟಿತು. ಪರದೆ ನೀಲಿಯಾಗಲಿಲ್ಲ.

"ಹಳದಿ ಹೋಯ್ತಾ?"

ಹೋಗಿರಲಿಲ್ಲ. ಅಡಿಕೆ ಕಚ್ಚಿದೆ. "ಇಲ್ಲ. ಹಂಗೇ ಇದೆ."

ಮತ್ತೆ ಹಾಕಿದೆವು. ಪೆಟ್ಟಿಗೆ ಆರಿಸಿ ಹಚ್ಚಿದೆವು. ಸ್ಪೀಕರಿನ ತಂತಿ ಕಿತ್ತು ಊದಿ ಸಿಕ್ಕಿಸಿದೆವು. ಹಳದಿ ಅಲ್ಲಾಡಲಿಲ್ಲ. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬೋರಲಿಂಗನ ಊರಿನಲ್ಲಾದರೆ ಇಷ್ಟೇ ಸಾಕಿತ್ತು. ಇದು ನಮ್ಮೂರು.

ನಾನು ಸೆರಗು ಸಿಕ್ಕಿಸಿಕೊಂಡು ಮೂಲೆಮನೆಗೆ ಓಡಿದೆ. ಶಿವಮಲ್ಲಪ್ಪನವರು ಊಟದ ನಡುವೆ ಕೈ ತೊಳೆದು ಎದ್ದು ಬಂದರು. ಸ್ಪೀಕರನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. ಪರದೆ ನೋಡಿದರು. "ನಾನು ಇದರ ದನಿ ಕೇಳಿಲ್ಲ" ಅಂದರು.

"ಬೋರಲಿಂಗನ ಕೈಲಿ ಫೋನಲ್ಲಿ ಹೇಳಿಸಿದ್ರೆ?" ಎಂದು ವನಮಾಲಾ ಕೇಳಿದಳು.

"ಅವನೂ ಕೇಳಿಲ್ಲ. ಅವನು ಬಂದಾಗ ಕೆಟ್ಟಿತ್ತು."

"ನಾನು ಕೇಳಿದೀನಿ. ದಿನಾ ಕೇಳಿದೀನಿ."

"ಪೆಟ್ಟಿಗೆಯೊಳಗಿನ ಹೊಸ ಯಜಮಾನಿ ನಿಮಗೆ ಗೊತ್ತಿಲ್ಲ. ಅವಳು ನಿಮ್ಮ ಹತ್ರ ಮಾತೇ ಆಡಿಲ್ಲ. ಅಲ್ದೆ ಈ ಮನೆಗೆ ನೀವೇ ಪರಿಚಯ ಇಲ್ಲ." ಇದನ್ನು ಅವರು ಕೆಟ್ಟದಾಗಿ ಹೇಳಲಿಲ್ಲ. ಅವರು ಯಾವುದನ್ನೂ ಕೆಟ್ಟದಾಗಿ ಹೇಳುವುದಿಲ್ಲ, ಒಳ್ಳೆಯದಾಗಿಯೂ ಹೇಳುವುದಿಲ್ಲ. "ಹಳೇ ದನಿ ಕೇಳಿರ್ಬೇಕು, ಹೊಸ ಪರದೆ ನೋಡಿರ್ಬೇಕು. ಅಂಥೋರು ಯಾರಿದಾರೆ?"

ಗೋಡೆ ಗುದ್ದಿ ಗುದ್ದಿ ವರ್ಷವಿಡೀ ಆ ದನಿ ಕೇಳಿದವಳು ಒಬ್ಬಳೇ. ಬೆಳಗಿನಿಂದ ಕಣ್ಣು ಕಿತ್ತುಬರುವಂತೆ ಆ ಪರದೆ ನೋಡಿದವಳೂ ಅವಳೇ.

"ನಾನು ಬೀದಿಗೆ ಮಾತು ಕೊಟ್ಟಿದೀನಿ ಶಿವಮಲ್ಲಣ್ಣ."

ಅವರು ಬಾಗಿಲವರೆಗೆ ಹೋಗಿ ನಿಂತರು. "ಪಾತ್ರೆಗೆ ನೂರಾಳು ಅಂದೆ. ಫ್ಯಾನಿಗೆ ಎಮ್ಮೆ ಅಂದೆ. ಇದಕ್ಕೆ ಗುಡುಗು ಅಂದ್ರೆ ಬೀದಿಯೋರ ಕಿವಿ ಹರಿಯತ್ತೆ, ಈ ಮಗಳು ಪರೀಕ್ಷೇನೂ ಬರೆಯಲ್ಲ. ಇದ್ದದ್ದು ಇದ್ದಂಗೆ ಹೇಳೋ ಶಕ್ತಿ ಇದ್ರೆ ಹೇಳು ತಾಯಕ್ಕ. ಬೀದಿಗೆ ನಾನು ಹೇಳ್ಕೋತೀನಿ." ಅಷ್ಟು ಉದ್ದದ ಮಾತನ್ನು ಅವರು ಮದುವೆಯ ದಿನವೂ ಆಡಿರಲಿಲ್ಲ. ಹೋಗಿ ಊಟ ಮುಂದುವರಿಸಿದರು.

ಗಡಿಯಾರ ಮೂರು ದಾಟಿತ್ತು. ನಾನು ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು ಪರದೆಯ ಎದುರು ಕೂತೆ. ಬಾಯಿ ತೆರೆದರೆ ಸಾಕು, ನಾಲಿಗೆಯ ತುದಿಯಲ್ಲಿ ಕೋಗಿಲೆ, ವೀಣೆ, ಓಲಗ, ಗುಡುಗು ಎಲ್ಲ ಸಾಲಾಗಿ ನಿಂತು ನನ್ನನ್ನು ಬಿಡು ನನ್ನನ್ನು ಬಿಡು ಎಂದು ತಳ್ಳಾಡುತ್ತಿವೆ. ಅಡಿಕೆಯನ್ನು ಕಚ್ಚಿದ ರಭಸಕ್ಕೆ ಇದ್ದ ನಾಲ್ಕು ಹಲ್ಲಿನಲ್ಲಿ ಒಂದು ಅಲುಗಾಡಿತು. ಎಲ್ಲವನ್ನೂ ನುಂಗಿಕೊಂಡು ಶುರುಮಾಡಿದೆ.

"ಹೊಸಬಳೇ, ಕೇಳು. ಇದು ಸ್ಪೀಕರು. ಸಣ್ಣದು, ಎರಡು ಅಂಗೈಯಲ್ಲಿ ಹಿಡಿಯತ್ತೆ. ಬಲಗಡೆ ಬಿರುಕು ಬಿಟ್ಟಿದೆ, ಒಂದ್ಸಲ ಮೇಜಿಂದ ಬಿದ್ದಿತ್ತು. ದನಿ ಚೆನ್ನಾಗಿಲ್ಲ. ನೆಗಡಿ ಬಂದಂಗೆ ಮಾತಾಡತ್ತೆ. ಷಕಾರ ಬಂದಾಗ ಗೊರ್ ಅನ್ನತ್ತೆ. ಜೋರು ಮಾಡಿದ್ರೆ ಒದರತ್ತೆ, ಮಾಡ್ಬೇಡ." ಇಷ್ಟು ಹೇಳುವಷ್ಟರಲ್ಲಿ ಹಣೆಯಲ್ಲಿ ಬೆವರು. ಪರದೆಯ ಮೇಲೆ ಹಳದಿ ಇನ್ನೂ ಇತ್ತು. ಏನೋ ಸಾಲದಾಗಿದೆ. ಇರುವುದರಲ್ಲಿ ಏನು ಬಿಟ್ಟೆ ಎಂದು ಹುಡುಕಿದೆ. ಗೊತ್ತಿತ್ತು, ಬಿಟ್ಟದ್ದು ಯಾವುದೆಂದು. ವನಮಾಲಾಳ ಎದುರು ಅದನ್ನು ಹೇಳುವುದಕ್ಕಿಂತ ಎಮ್ಮೆ ಹಾರಿಸುವುದು ಸುಲಭ.

"ಇದು ಓದಿದ್ದೆಲ್ಲ ನಿಜ. ಒಂದಕ್ಕೆ ಎರಡು ಮಾಡಿ ಯಾವತ್ತೂ ಹೇಳಿಲ್ಲ. ಈ ಹುಡುಗಿಗೆ ಇದೇ ದಾರಿ ತೋರಿಸೋದು, ಬೇರೆ ಯಾರೂ ಇಲ್ಲ. ಇದು ಮಾತಾಡುವಾಗ ನಾನು ಗೋಡೆ ಗುದ್ತೀನಿ. ಬೆಳಿಗ್ಗೆಯಿಂದ ಇದು ಸುಮ್ನಿದೆ. ನಂಗೆ ಈ ಮನೇಲಿ ಕೂರಕ್ಕೆ ಆಗ್ತಿಲ್ಲ." ಕೊನೆಗೆ "ಅಷ್ಟೇ" ಅಂದೆ.

ಮಡಿಲಿನಲ್ಲಿ ಏನೋ ನಡುಗಿತು. ಗೊರ್ ಅಂದಿತು. ಪರದೆಯ ಮೇಲಿನ ಹಳದಿ ಕಣ್ಣೆದುರೇ ಆರಿತು. ವನಮಾಲಾ ಎರಡು ಗುಂಡಿ ಒತ್ತಿದಳು. ಅದೇ ನೆಗಡಿಯ ದನಿ, ಏನೂ ಆಗಿಲ್ಲವೆಂಬ ಹಾಗೆ, ಪರದೆಯ ಮೇಲಿನ ಒಂದೊಂದೇ ಹೆಸರನ್ನು ಓದಲು ಶುರುಮಾಡಿತು. ಅವಳು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಾ ಕೂತಳು. ನನ್ನ ಕಡೆ ತಿರುಗಲಿಲ್ಲ, ನಾನೂ ಕಾಯಲಿಲ್ಲ. ಎದ್ದು ಹೊರಗೆ ಹೋಗಿ ಅಡಿಕೆ ಉಗಿದೆ.

ನಾಲ್ಕಕ್ಕೆ ಪರೀಕ್ಷೆ ಶುರುವಾಯಿತು. ಒಳಗಿಂದ ಯಾರ್ಯಾರದೋ ದನಿ, ಅದರ ಬೆನ್ನಿಗೇ ಅವಳ ಬೆರಳಿನ ಟಪಟಪ. ನಾನು ಬೀದಿ ಬಾಗಿಲಲ್ಲಿ ಕೂತು, ಸೊಪ್ಪಿನವನು ಕೂಗಿದರೆ ಕಣ್ಣಲ್ಲೇ ಓಡಿಸಿದೆ, ಕಾಗೆಗೂ ಕೂಗಲು ಬಿಡಲಿಲ್ಲ. ಮುಗಿಸಿ ಹೊರಬಂದಾಗ ಅವಳ ಕುತ್ತಿಗೆಯೆಲ್ಲ ಬೆವೆತಿತ್ತು. "ಸಂಜೆಯೊಳಗೆ ತಿಳಿಸ್ತಾರಂತೆ. ಮೇಲ್ ಮಾಡ್ತಾರೆ" ಅಂದಳು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ವ್ಯಾನಿನ ಹಾರನ್ನು ಕೇಳಿಸಿತು. ಅವಳು ನೆಟ್ಟಗೆ ನಿಂತಳು. "ಅಣ್ಣ ಬೇಗ ಬಂದ."

"ನಿಂಗೆ ಹೋಗೋ ಮನಸಿದೆಯಾ?"

"ಇಲ್ಲ."

"ಕೇಳಿದ್ದು ಅಷ್ಟಕ್ಕೇ. ನೀನು ಒಳಗೆ ಹೋಗಿ ಕಂಪ್ಯೂಟರ್ ಮುಂದೆ ಕೂತ್ಕೋ."

ಅವಳು ಒಳಗೆ ಹೋದಳು. ನಾನು ಹೊಸ್ತಿಲ ಮೇಲೆ ಬಗ್ಗಿ ಅರಿಸಿನದ ಪಟ್ಟೆಗೆ ಬಾಯಿ ಹತ್ತಿರ ತಂದೆ. ಆ ಟ್ರಂಕನ್ನೂ ನಾನು ಬಲ್ಲೆ, ಈ ಹೊಸ್ತಿಲನ್ನೂ ಬಲ್ಲೆ. ಬೆಳಗಿನಿಂದ ನುಂಗಿದ ಮಾತನ್ನೆಲ್ಲ ಹೊಸ್ತಿಲಿನ ಕಿವಿಗೆ ಉಸುರಿದೆ. ಈ ಸಲ ಅಡಿಕೆ ಹಾಕಿಕೊಳ್ಳಲಿಲ್ಲ.

ಪಾಲಾಕ್ಷ ವ್ಯಾನಿನ ಡ್ರೈವರನನ್ನೂ ಕರೆದುಕೊಂಡೇ ಒಳಗೆ ಬಂದ. ದೊಡ್ಡ ಆಳು, ಮಾತು ಮೆತ್ತಗೆ. "ತಾಯಮ್ಮೋರೆ, ನಮ್ಮ ಹುಡುಗೀನ ಇಷ್ಟು ದಿನ ನೋಡ್ಕೊಂಡ್ರಿ, ನಿಮ್ಮ ಋಣ ದೊಡ್ಡದು" ಅಂದ. ತಂಗಿಯ ತಲೆ ಸವರಿ, "ಆಯ್ತೇನವ್ವ ಕೆಲಸ?" ಎಂದು ಕೇಳಿದ.

"ಪರೀಕ್ಷೆ ಬರೆದೆ ಅಣ್ಣ. ಇವತ್ತೇ ತಿಳಿಸ್ತಾರೆ. ಸ್ವಲ್ಪ ಹೊತ್ತು ಇರು."

"ತಿಳಿಸ್ತಾರೆ ಅಂತ ಹೋದ ಸಲಾನೂ ಅಂದ್ರು, ಅದರ ಹಿಂದಿನ ಸಲಾನೂ ಅಂದ್ರು. ಅಲ್ಲಿಗೇ ತಿಳಿಸ್ಲಿ ಬಿಡು ವನಾ. ಹಣೆ ನೋಡು ಹೆಂಗೆ ಊದಿದೆ. ಈ ಮನೆ ನಿನ್ನ ಬಡೀತಾ ಇದೆ. ನನ್ನ ಕಣ್ಣೆದುರಿಗೆ ಇದ್ರೆ ನಂಗೆ ನಿದ್ದೆ ಬರತ್ತೆ." ಟ್ರಂಕಿನ ಹಿಡಿಕೆಗೆ ಕೈಹಾಕಿ ಎತ್ತಿದ. ಹೊಸ್ತಿಲವರೆಗೆ ಬಂದ. ಅಲ್ಲಿ ಟ್ರಂಕು ದೊಪ್ಪನೆ ಕೂತಿತು. ಎಳೆದ. ಅಲ್ಲಾಡಲಿಲ್ಲ. ಡ್ರೈವರನೂ ಒಂದು ಕಡೆ ಹಿಡಿದ. ಇಬ್ಬರ ಕತ್ತಿನ ನರವೂ ಹಗ್ಗದಂತೆ ಉಬ್ಬಿತು. ಟ್ರಂಕು ಬೇರುಬಿಟ್ಟಂತೆ ಕೂತಿತ್ತು.

"ಏನವ್ವಾ ತುಂಬಿದೀಯ ಇದರಲ್ಲಿ?"

"ನಾಕು ಸೀರೆ ಅಣ್ಣ" ಅಂದಳು ವನಮಾಲಾ. ಅವಳ ಕಿವಿ ಎಷ್ಟು ಚುರುಕೆಂದು ನನಗೆ ಗೊತ್ತು. ನಾನು ಹೊಸ್ತಿಲಿಗೆ ಪಿಸುಗುಟ್ಟಿದ್ದು ಅವಳಿಗೆ ಕೇಳಿಸದೆ ಇರಲು ಸಾಧ್ಯವೇ ಇರಲಿಲ್ಲ. ತುಟಿ ಕಚ್ಚಿಕೊಂಡು ಗೋಡೆ ಕಡೆ ತಿರುಗಿದ್ದಳು.

"ಕೂತ್ಕೊಳ್ಳಪ್ಪ, ಉಸಿರು ತಗೋ. ಬಂದೋರು ಒಂದು ಲೋಟ ಕಾಫಿನಾದ್ರೂ ಕುಡಿದು ಎತ್ತಿ" ಅಂದೆ. ಅವನು ಟ್ರಂಕಿನ ಮೇಲೆಯೇ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡ. ನಾನು ಕಾಫಿಯನ್ನು ನಿಧಾನವಾಗಿ, ಬಹಳ ನಿಧಾನವಾಗಿ ಮಾಡಿದೆ. ಬೀಜ ಹುರಿಯುವುದೊಂದು ಬಾಕಿ. ಕುಡಿದ ಮೇಲೆ ಮತ್ತೆ ಎಳೆದರು, ಮತ್ತೆ ಕೂತರು. ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಮೂರನೇ ಲೋಟ ಮುಗಿದಿತ್ತು.

ಆಗ ಒಳಗಿನಿಂದ ಟಿಣ್ ಎಂದಿತು. ವನಮಾಲಾ ಕೀಬೋರ್ಡಿನ ಗುಂಡಿ ಒತ್ತಿದಳು. ನೆಗಡಿಯ ದನಿ ಗಂಟಲು ಸರಿಮಾಡಿಕೊಂಡು ಮನೆಯವರಿಗೆಲ್ಲ ಕೇಳುವಂತೆ ಓದಿತು. "ವನಮಾಲಾ ಅವರಿಗೆ. ಈ ಕೆಲಸಕ್ಕೆ ನೀವು ಆಯ್ಕೆಯಾಗಿದ್ದೀರಿ ಎಂದು ತಿಳಿಸಲು ಸಂತೋ, ಗೊರ್, ವಾಗುತ್ತದೆ. ಸೋಮವಾರದಿಂದ ಮನೆಯಿಂದಲೇ ಕೆಲಸ ಆರಂಭಿಸಬಹುದು."

ಪಾಲಾಕ್ಷ ಲೋಟ ಕೆಳಗಿಟ್ಟ. "ಇನ್ನೊಂದ್ಸಲ ಹೇಳ್ಸು" ಅಂದ. ಇನ್ನೊಂದು ಸಲ ಓದಿತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೊರ್ ಕೂಡ ಅಲ್ಲಿಯೇ ಬಂತು. ಅವನು ತನ್ನ ಅಂಗೈಯ ಬೊಬ್ಬೆಗಳನ್ನು ಸವರಿಕೊಂಡ. "ಈ ಡಬ್ಬ ಸುಳ್ಳು ಹೇಳಲ್ವಾ?"

"ಅದು ಹೇಳಲ್ಲ. ಅದಕ್ಕೆ ಬೇಕಾದ್ರೆ ನಾನು ಜವಾಬ್ದಾರಿ" ಅಂದೆ.

"ಅಜ್ಜಿ ಹೇಳ್ತಾರೆ" ಅಂದಳು ವನಮಾಲಾ, ಇನ್ನು ತಡೆಯಲಾರದೆ ನಗುತ್ತಾ.

ಅವನು ಎದ್ದು ತಂಗಿಯ ತಲೆ ಮತ್ತೊಮ್ಮೆ ಸವರಿದ. "ಮಾತು ಅಂದ್ರೆ ಮಾತು. ಇಲ್ಲೇ ಇರು. ಆದ್ರೆ ತಾಯಮ್ಮೋರೆ, ಆ ಬಾಗಿಲಿಗೆ ಏನಾದ್ರೂ ಮಾಡಿ" ಎಂದು ನನ್ನ ಕಡೆ ನೋಡದೆ ಹೇಳಿ ವ್ಯಾನು ಹತ್ತಿದ.

ಟ್ರಂಕು ಹೊಸ್ತಿಲಿಗೆ ಅಂಟಿಕೊಂಡೇ ಉಳಿಯಿತು. "ಏಳು ಆನೆ ತೂಕ ಅಂದ್ರಿ ತಾನೆ? ನಾಳೆ ನಂಗೆ ಬೇರೆ ಸೀರೆ ಬೇಕು ಅಜ್ಜಿ" ಎಂದಳು. ಮುಚ್ಚಳ ತೆಗೆದು ತೋರಿಸಿದೆ, ಆರಾಮವಾಗಿ ತೆರೆಯುತ್ತದೆ. ಮುಚ್ಚಳದ ಬಗ್ಗೆ ನಾನೇನೂ ಹೇಳಿರಲಿಲ್ಲ. ಇನ್ನು ಮೇಲೆ ಬಂದವರು ಅದನ್ನು ದಾಟಿಕೊಂಡೇ ಒಳಗೆ ಬರಬೇಕು. ಬರಲಿ.

ಆಮೇಲೆ ಇನ್ನೊಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಅವಳ ಕೈ ಹಿಡಿದು ಮನೆಯೆಲ್ಲ ಸುತ್ತಿದೆ. ಹೊಸ್ತಿಲು, ಬಾಗಿಲು, ಗೋಡೆಯ ಸ್ವಿಚ್ಚು, ಒಲೆ, ನಲ್ಲಿ, ಒಂದೊಂದನ್ನೂ ಮುಟ್ಟಿಸಿ ಹೇಳಿದೆ. "ಇವಳು ವನಮಾಲಾ. ಕಣ್ಣು ಕಾಣಲ್ಲ, ಕಿವಿ ಚುರುಕು. ಬೆಳಿಗ್ಗೆ ಎದ್ದಾಗ ಸಿಡುಕು. ಕೆಲಸಕ್ಕೆ ಕೂತ್ರೆ ಊಟ ಮರೀತಾಳೆ. ಇಲ್ಲಿರ್ತಾಳೆ." ಅಷ್ಟೇ ಹೇಳಿದ್ದು. ಎಲ್ಲಿಯವರೆಗೆ ಎಂದು ಹೇಳಲಿಲ್ಲ. ನೂರು ವರ್ಷ ಅನ್ನಬೇಕೆಂದು ನಾಲಿಗೆ ತುರಿಸಿತು. ಆದರೆ ಮನೆ ನಂಬಿಬಿಡುತ್ತದೆ, ಅದು ಅವಳು ಹೇಳಬೇಕಾದ ಮಾತು.

ಮರುದಿನ ಬೆಳಗಾಯಿತು. ಮಲಗಿದಲ್ಲೇ ಕಿವಿಗೊಟ್ಟು ಕಾದೆ. "ಅಜ್ಜೀ, ನಲ್ಲಿ" ಎಂಬ ಕೂಗು ಬರಲಿಲ್ಲ. ನೀರು ಬೀಳುವ ಸದ್ದು ಬಂತು. ಬಾಗಿಲು ಯಾರ ಹಣೆಗೂ ಹೊಡೆಯಲಿಲ್ಲ. ಒಲೆ ಹತ್ತಿತು. ಇನ್ನು ನನ್ನನ್ನು ಯಾರು ಕರೆಯುತ್ತಾರೆ ಎಂದು ಸ್ವಲ್ಪ, ಒಂದು ಸಾಸಿವೆ ಕಾಳಿನಷ್ಟು ಬೇಜಾರಾಯಿತು. ಆಗ ಅವಳೇ ಲೋಟ ಹಿಡಿದುಕೊಂಡು, ಎಲ್ಲಿಯೂ ಎಡವದೆ, ನನ್ನ ಹಾಸಿಗೆಯವರೆಗೆ ನಡೆದು ಬಂದಳು.

"ಹೆಂಗಿದೆ ಅಜ್ಜಿ ಕಾಫಿ? ನಿಜ ಹೇಳಿ."

ಕುಡಿದೆ. ಸಕ್ಕರೆ ಕಡಿಮೆ, ಹಾಲು ನೀರು, ಪುಡಿ ಲೋಟದ ತಳದಲ್ಲಿ ಮಣ್ಣಿನಂತೆ ಕೂತಿತ್ತು. ಬಾಯಲ್ಲಿ ಅಡಿಕೆ ಇರಲಿಲ್ಲ.

"ದೇವಲೋಕದಲ್ಲೂ ಇಂಥದ್ದು ಸಿಗಲ್ಲ ಕಣೇ" ಅಂದೆ.